ವೋಪನ್ ಮೇಡಂ

ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ನಮ್ಮ ಹಳೆಯ ಸ್ಟಾಫಿನ ವಾಟ್ಸಾಪ್ ಗುಂಪಿನಲ್ಲಿ. ಯಾರೋ ಅವರ ಫೋಟೋ ಹಾಕಿದ್ದರು. ನಿವೃತ್ತಿಯ ದಿನ ತೆಗೆದದ್ದು; ಕೊರಳಲ್ಲಿ ಸುಗಂಧರಾಜದ ಹಾರ, ಮುಖದಲ್ಲಿ ಎಂದಿನ ಸಿಡುಕು. ಕೆಳಗೆ ಒಬ್ಬರಾದ ಮೇಲೊಬ್ಬರು ‘ಆರ್‌ಐಪಿ’ ಅಂತ ಇಂಗ್ಲಿಷಿನ ಮೂರಕ್ಷರ ಒತ್ತಿ ಕೈ ತೊಳೆದುಕೊಂಡಿದ್ದರು. ಬದುಕಿದ್ದರೆ ಮೇಡಂ ಬೈಯುತ್ತಿದ್ದರು: “ಪೂರ್ತಿ ವಾಕ್ಯ ಬರೆಯೋಕೆ ಏನು ರೋಗ ನಿಮಗೆ?” ನಾನು ಏನೂ ಬರೆಯಲಿಲ್ಲ. ಜೀವನವಿಡೀ ಕನ್ನಡ ಪಾಠ ಹೇಳಿದವಳು ನಾನು. ಆ ಬೆಳಿಗ್ಗೆ ಯಾವ ಭಾಷೆಯಲ್ಲೂ ನನಗೆ ಮಾತು ತೋಚಲಿಲ್ಲ. ಸಿಟ್ಟು ಮಾತ್ರ ಬಂತು.

ಕೊಡಿಗೇನಹಳ್ಳಿಯಿಂದಾಚೆ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾವಿಬ್ಬರೂ ಬಹಳ ವರ್ಷ ಒಟ್ಟಿಗೆ ಕೆಲಸ ಮಾಡಿದೆವು. ಅವರು ಇಂಗ್ಲಿಷ್, ನಾನು ಕನ್ನಡ. ಇಬ್ಬರ ಮನೆಯೂ ಮಧುಗಿರಿಯಲ್ಲಿ. ಬೆಳಿಗ್ಗೆ ಹಿಂದೂಪುರದ ಬಸ್ಸು ಹತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಅವರು ಕೂರುತ್ತಿದ್ದರು, ನನಗಾಗಿ ಪಕ್ಕದ ಜಾಗದ ಮೇಲೆ ಛತ್ರಿ ಇಟ್ಟು. ಯಾರಾದರೂ ಛತ್ರಿ ಸರಿಸಿದರೆ ಕಂಡಕ್ಟರ್‌ಗೂ ಸೇರಿಸಿ ಬೈಗುಳ. ಸ್ಕೂಲಿನೊಳಗೆ ನನಗೆ ಅವರು ಮೇಡಂ, ಬಸ್ಸಿನಲ್ಲಿ ಅಕ್ಕ. ಅವರಿಗೆ ನಾನು ಎಲ್ಲ ಕಡೆಯೂ ‘ಅಮ್ಮಾಯಿ’, ಅಂದರೆ ಹುಡುಗಿ, ನನಗೆ ಮೊಮ್ಮಗ ಹುಟ್ಟಿದ ಮೇಲೂ. ಪಾವಗಡದ ಕಡೆಯವರು, ಮನೆಮಾತು ತೆಲುಗು. ಸಿಟ್ಟು ಬಂದರೆ ತೆಲುಗು, ಲೆಕ್ಕ ಹಾಕುವಾಗ ಕನ್ನಡ, ಕ್ಲಾಸಿನಲ್ಲಿ ಮಾತ್ರ ಇಂಗ್ಲಿಷ್. ಸ್ಟಾಫ್ ರೂಮಿನಲ್ಲಿ ಯಾರಾದರೂ ಅವರ ಹತ್ತಿರ ಇಂಗ್ಲಿಷ್ ತೆಗೆದರೆ, “ಈಗ ಪೀರಿಯಡ್ ಇಲ್ಲ” ಅಂತ ಬ್ಯಾಗಿನಿಂದ ಹುರಿದ ಕಡಲೇಕಾಯಿ ತೆಗೆದು ಬಿಡಿಸುತ್ತಾ ಕೂರುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ‘ವೋಪನ್ ಮೇಡಂ’. ಕ್ಲಾಸಿಗೆ ಕಾಲಿಟ್ಟ ತಕ್ಷಣ “ವೋಪನ್ ಯುವರ್ ಬುಕ್ಸ್” ಅನ್ನುತ್ತಿದ್ದರಲ್ಲ, ಅದಕ್ಕೆ. ಓಪನ್ ಅವರ ಬಾಯಲ್ಲಿ ವೋಪನ್, ಓನ್ಲಿ ವೋನ್ಲಿ, ಎಗ್ಗು ಯೆಗ್ಗು. ಅದು ತಪ್ಪು ಅಂತ ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ಒಮ್ಮೆ ಬಸ್ಸಿನಲ್ಲಿ ತಾವೇ ಹೇಳಿದ್ದರು. ತುಮಕೂರಿನಲ್ಲಿ ಕಾಲೇಜಿಗೆ ಸೇರಿದಾಗ ಹಾಸ್ಟೆಲಿನ ಹುಡುಗಿಯರು ಇವರ ಕೈಲಿ ಬೇಕಂತಲೇ ‘ಓಪನ್ ದ ಡೋರ್’ ಅನ್ನಿಸಿ ಬಿದ್ದು ಬಿದ್ದು ನಗುತ್ತಿದ್ದರಂತೆ. ಆ ವರ್ಷ ಪೂರ್ತಿ ಅವರು ಇಂಗ್ಲಿಷಿನಲ್ಲಿ ಬಾಯಿ ಬಿಡಲಿಲ್ಲ. ಓದಿದರು, ಬರೆದರು, ಯೂನಿವರ್ಸಿಟಿಗೆ ಒಳ್ಳೆಯ ನಂಬರು ತೆಗೆದರು. “ಕನ್ನಡಿ ಮುಂದೆ ನಿಂತು ಬಾಯಿ ತಿರುಗಿಸಿ ನೋಡ್ದೆ ಅಮ್ಮಾಯಿ. ಈ ತುಟಿ ನಮ್ಮಮ್ಮ ಕೊಟ್ಟಿದ್ದು, ಅದು ತಿರುಗಲ್ಲ ಅಂತು. ಸರಿ, ಬಿಟ್ಟಾಕಿದೆ” ಅಂದು ಕಡಲೇಕಾಯಿ ಸಿಪ್ಪೆಯನ್ನು ಕಿಟಕಿಯಾಚೆ ಊದಿದ್ದರು.

ಅವರ ಪಾಠದ ಕ್ರಮ ಬೇರೆಯವರದ್ದರಂತೆ ಇರಲಿಲ್ಲ. ಎಂಟನೇ ಕ್ಲಾಸಿಗೆ ಹೊಸದಾಗಿ ಬಂದ ಮಕ್ಕಳಿಗೆ ಮೊದಲು ‘ಮೈ ನೇಮ್ ಈಸ್’ ಕಲಿಸುತ್ತಿರಲಿಲ್ಲ. ಇಂಗ್ಲಿಷ್ ಬರದಿದ್ದಾಗ ಇಂಗ್ಲಿಷಿನಲ್ಲಿ ಏನು ಹೇಳಬೇಕು ಅನ್ನುವುದನ್ನು ಮೊದಲು ಕಲಿಸುತ್ತಿದ್ದರು. ‘ಪ್ಲೀಸ್ ಸೇ ಇಟ್ ಅಗೇನ್.’ ‘ಇದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?’ ‘ನನಗೆ ಉತ್ತರ ಗೊತ್ತು, ಪದ ಹುಡುಕುತ್ತಾ ಇದೀನಿ.’ ‘ಐ ಅಂಡರ್‌ಸ್ಟ್ಯಾಂಡ್, ಬಟ್ ಐ ಕಾಂಟ್ ಸೇ ಇಟ್ ಯೆಟ್.’ ಆ ಕೊನೆಯ ‘ಯೆಟ್’ ಮೇಲೆ ಅವರಿಗೆ ಬಲು ಪ್ರೀತಿ. ಯಾವ ಮಗುವಾದರೂ ಅದನ್ನು ನುಂಗಿಬಿಟ್ಟರೆ ಇಡೀ ವಾಕ್ಯ ಮತ್ತೆ ಮೊದಲಿಂದ. “ಬರಲ್ಲ ಅನ್ನಬ್ಯಾಡ. ಇನ್ನೂ ಬರಲ್ಲ ಅನ್ನು. ಆ ‘ಇನ್ನೂ’ ಇಲ್ಲದಿದ್ರೆ ಬಾಗಿಲು ಹಾಕ್ಕೊಂಡಂಗೆ.”

‘ಮೈ ಇಂಗ್ಲಿಷ್ ಈಸ್ ವೀಕ್’ ಅಂತ ಯಾರಾದರೂ ಅಂದರೋ, ಕೆಟ್ಟರು. “ವೀಕ್ ಅನ್ನೋದು ಜ್ವರ ಬಂದೋರಿಗೆ ಕಣ್ಲಾ. ನೀನು ಗುಂಡುಕಲ್ಲಿನಂಗಿದೀಯ. ಐ ಆಮ್ ಲರ್ನಿಂಗ್ ಅನ್ನು.” ಬ್ರೋಕನ್ ಇಂಗ್ಲಿಷ್ ಅನ್ನುವ ಮಾತು ಅವರ ಕ್ಲಾಸಿನಲ್ಲಿ ನಿಷಿದ್ಧ. “ಮಡಕೆಯೇನೋ ಅದು, ಒಡೆಯೋಕೆ?” ಒಂದು ಸಲ ಒಬ್ಬಳು ಹುಡುಗಿ ‘ಫ್ಲೂಯೆಂಟ್’ ಅಂದರೇನು ಅಂತ ಕೇಳಿದಳು. ಪಕ್ಕದ ಕ್ಲಾಸಿನಲ್ಲಿದ್ದ ನನಗೆ ಅವರ ಉತ್ತರ ಗೋಡೆಯಾಚೆಯಿಂದ ಕೇಳಿಸಿತು. “ಫ್ಲೂಯೆಂಟ್ ಅಂದ್ರೆ ನೀರು ಹರಿದಂಗೆ ಮಾತಾಡೋದು. ಈಗ ನಮ್ಮ ಜಯಮಂಗಲಿ ಹೊಳೆ ವರ್ಷದಾಗೆ ಎಷ್ಟು ದಿನ ಹರೀತದೆ?” ಮಕ್ಕಳು ನಕ್ಕರು. “ಹರಿಯಲ್ಲ ಅಂತ ಅದನ್ನ ಹೊಳೆ ಅನ್ನೋದು ಬಿಟ್ಟಿದೀವಾ? ಮರಳು ತೋಡಿದ್ರೆ ನೀರು ಸಿಗ್ತದೋ ಇಲ್ವೋ? ನಿಮಗೂ ಒಳಗಡೆ ಐತೆ. ತೋಡಿ.”

ಇಷ್ಟೆಲ್ಲ ಬರೆದೆ ಅಂತ ಅವರು ಮೃದು ಮನಸ್ಸಿನವರು ಅಂದುಕೊಳ್ಳಬೇಡಿ. ಹೊಗಳಿಕೆ ಅವರ ಬಾಯಿಂದ ಬರುತ್ತಲೇ ಇರಲಿಲ್ಲ. ಚೆನ್ನಾಗಿ ಓದಿದವರಿಗೆ “ಕೂತ್ಕೋ” ಅನ್ನುವರು, ಅಷ್ಟೇ ಬಹುಮಾನ. ನನ್ನ ಮೇಲೂ ಹರಿಹಾಯ್ದಿದ್ದರು. ಪರೀಕ್ಷೆ ಹತ್ತಿರ ಬಂದಾಗ ನಾನು ನನ್ನ ಪೀರಿಯಡ್ ಬಿಟ್ಟುಕೊಡಲಿಲ್ಲ ಅಂತ ಎಲ್ಲರೆದುರು, “ನಿನ್ನ ಹಳೆಗನ್ನಡ ಈ ಮಕ್ಕಳಿಗೆ ಊಟ ಹಾಕ್ತದಾ?” ಅಂದಿದ್ದರು. ಅವತ್ತಿಂದ ಬಹಳ ದಿನ ನಾನು ಹಿಂದಿನ ಬಾಗಿಲಿನಿಂದ ಬಸ್ಸು ಹತ್ತಿ ಹಿಂದೆಯೇ ಕೂತೆ. ಅವರು ದಿನವೂ ಛತ್ರಿ ಇಟ್ಟು ಜಾಗ ಹಿಡಿದರು, ತಿರುಗಿ ಮಾತ್ರ ನೋಡಲಿಲ್ಲ. ಕೊನೆಗೆ ನಾನೇ ಹೋಗಿ ಕೂತೆ. ಅವರು ಏನೂ ಆಗದವರಂತೆ ಕಡಲೇಕಾಯಿ ಪೊಟ್ಟಣ ನನ್ನ ಕಡೆ ಚಾಚಿದರು. ಕ್ಷಮೆ ಕೇಳುವುದು ಅವರಿಗೆ ಮೂರು ಭಾಷೆಯಲ್ಲೂ ಬರುತ್ತಿರಲಿಲ್ಲ.

ತಿಪ್ಪೇಸ್ವಾಮಿಯ ವಿಷಯಕ್ಕೆ ಬರಬೇಕು. ಗಡಿ ಹತ್ತಿರದ ಹಳ್ಳಿಯ ಹುಡುಗ, ಇವರಂತೆಯೇ ತೆಲುಗು ಮನೆ. ಎಂಟನೇ ಕ್ಲಾಸಿಗೆ ಬಂದಾಗ ಯಾರು ಏನು ಕೇಳಿದರೂ ನೆಲ ನೋಡುತ್ತಿದ್ದ. ಮೇಡಂ ಅವನನ್ನು ಮುಂದಿನ ಬೆಂಚಿಗೆ ಎಳೆದು ತಂದು ಕೂರಿಸಿ, ದಿನವೂ ಒಂದು ವಾಕ್ಯ ಹೇಳಿಸದೆ ಮನೆಗೆ ಬಿಡುತ್ತಿರಲಿಲ್ಲ. ಹತ್ತನೇ ಕ್ಲಾಸಿನಲ್ಲಿದ್ದಾಗ ಇನ್‌ಸ್ಪೆಕ್ಷನ್‌ಗೆ ಬಂದ ಅಧಿಕಾರಿಯೊಬ್ಬರು ಅವನನ್ನೇ ಎಬ್ಬಿಸಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ಅವನು ತಲೆ ಎತ್ತಿ, “ಸರ್, ಐ ನೋ ದಿ ಆನ್ಸರ್. ಐ ಆಮ್ ಲುಕಿಂಗ್ ಫಾರ್ ದ ವರ್ಡ್” ಅಂದ. ಆಮೇಲೆ ಪದ ಹುಡುಕಿ ಉತ್ತರವನ್ನೂ ಹೇಳಿದ. ಅಧಿಕಾರಿ ಕುರ್ಚಿಯಿಂದ ಎದ್ದು ಅವನ ಬೆನ್ನು ತಟ್ಟಿದರು. ಮೇಡಂ “ಕೂತ್ಕೋ” ಅಂದರು. ಸಂಜೆ ಬಸ್ಸಿನಲ್ಲಿ ಮಾತ್ರ, ಬಡವನಹಳ್ಳಿಯಿಂದ ತರಿಸಿದ ಅಕ್ಕಿ ಮೂಟೆಯ ಕಥೆ ಹೇಳುತ್ತಿದ್ದವರು ಮಧ್ಯೆ ನಿಲ್ಲಿಸಿ, “ನೋಡಿದ್ಯಾ ಅಮ್ಮಾಯಿ ಅವನ್ನ?” ಅಂದರು. ಆ ಮುಖವನ್ನು ನಾನು ಮರೆತಿಲ್ಲ. ಹೆತ್ತವರ ಮುಖ ಹಾಗಿರುತ್ತದೆ.

ನಿವೃತ್ತಿಯಾಗಿ ಕೆಲವು ತಿಂಗಳಿಗೆ, ಮಧುಗಿರಿಯ ಹೊರಗೆ ಹೊಸದಾಗಿ ಶುರುವಾಗಿದ್ದ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯ ಕಾರ್ಯದರ್ಶಿ ಹಣ್ಣಿನ ತಟ್ಟೆ ಹಿಡಿದು ಅವರ ಮನೆಗೆ ಬಂದರು. “ನಿಮ್ಮಂಥ ಅನುಭವಸ್ಥರು ನಮ್ಮ ಸಂಸ್ಥೆಗೆ ಬೇಕು ಮೇಡಂ. ತಾಲ್ಲೂಕಿನಲ್ಲಿ ನಿಮ್ಮ ಹೆಸರು ಗೊತ್ತಿಲ್ಲದ ಮನೆ ಇಲ್ಲ.” ಆ ಮಾತು ಸುಳ್ಳಲ್ಲ. ಬಸ್ ನಿಲ್ದಾಣದ ಎದುರು ಅಡ್ಮಿಷನ್ ಫ್ಲೆಕ್ಸಿನಲ್ಲಿ ಅವರ ಮುಖ ದೊಡ್ಡದಾಗಿ ಬಂತು. ಮೇಡಂ ಒಪ್ಪಿದ್ದಕ್ಕೆ ನನಗೆ ಆಶ್ಚರ್ಯವಾಗಿತ್ತು. “ಮನೇಲಿ ಕೂತು ಯಾರಿಗೆ ಬೈಯಲಿ?” ಅಂದರು. ಎರಡು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಅಷ್ಟು ಹೊತ್ತಿಗೆ ಅಡ್ಮಿಷನ್ ತುಂಬಿತು. ಊರಿನ ಮನೆ ಮನೆಯಲ್ಲೂ ಮಕ್ಕಳ ಕೈಗೆ ಫೋನು ಬಂದಿತ್ತು, ಫೋನಿನೊಳಗೆ ಅಮೆರಿಕದವರಂತೆ ಉಲಿಯುವ ಹೊಸ ಮೇಷ್ಟ್ರುಗಳು ಬಂದಿದ್ದರು.

ನನ್ನ ಮೊಮ್ಮಗ ಅದೇ ಶಾಲೆಯಲ್ಲಿದ್ದ. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ತುಮಕೂರಿಗೆ ಹೋಗುವವರಾದ್ದರಿಂದ ಪೋಷಕರ ಸಭೆಗೆ ನಾನು ಹೋಗಿದ್ದೆ. ವೇದಿಕೆಯ ಪಕ್ಕ ಟೀಚರ್‌ಗಳ ಸಾಲಿನಲ್ಲಿ ಮೇಡಂ ಕೂತಿದ್ದರು, ಮಡಿಲಲ್ಲಿ ಛತ್ರಿ. ಫೀಸು, ವ್ಯಾನು ಎಲ್ಲ ಮುಗಿದ ಮೇಲೆ ಒಬ್ಬ ತಾಯಿ ಮೈಕ್ ತೆಗೆದುಕೊಂಡು, ನಗುನಗುತ್ತಲೇ, “ನನ್ನ ಮಗ ಮನೇಲಿ ವೋಪನ್, ವೋನ್ಲಿ ಅಂತಾನೆ ಸರ್. ಕೇಳಿದ್ರೆ ಮಿಸ್ ಹಂಗೇ ಹೇಳಿದ್ದು ಅಂತಾನೆ” ಅಂದಳು. ಸಭೆಯಲ್ಲಿ ನಗು ಹರಡಿತು. ನಾನು ಮೇಡಂ ಕಡೆ ನೋಡಿದೆ. ಅವರು ಛತ್ರಿಯ ಹಿಡಿಯನ್ನು ನೋಡುತ್ತಿದ್ದರು.

ಆಗ ಎದ್ದವನು ತಿಪ್ಪೇಸ್ವಾಮಿ.

ಅವನು ಈಗ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಯಾವುದೋ ಕಂಪನಿಯ ಮ್ಯಾನೇಜರ್. ಕಾರು ಇಟ್ಟಿದ್ದಾನೆ, ಮಧುಗಿರಿಯಲ್ಲಿ ಮನೆ ಕಟ್ಟಿಸಿದ್ದಾನೆ. ಮಗಳು ಆದ್ಯ ಅದೇ ಶಾಲೆಯಲ್ಲಿ. ಮೇಡಂ ಪರ ಮಾತಾಡಲು ಎದ್ದಿದ್ದಾನೆ ಅಂದುಕೊಂಡೆ ನಾನು. ಅವರೂ ಹಾಗೇ ಅಂದುಕೊಂಡಿರಬೇಕು, ತಲೆ ಎತ್ತಿದರು.

“ಮೇಡಂ ಮೇಲೆ ನಂಗೆ ಭಾಳ ಗೌರವ ಐತೆ” ಅಂತ ಕನ್ನಡದಲ್ಲೇ ಶುರು ಮಾಡಿದ. “ನಾನೇ ಅವರ ಸ್ಟೂಡೆಂಟು. ನಾನು ಇವತ್ತು ಏನಾಗಿದೀನೋ ಅದು ಅವರಿಂದ. ಆದ್ರೆ ಒಂದು ಮಾತು ಬಿಚ್ಚಿ ಹೇಳ್ಬೇಕು. ನಮ್ಮ ಆಫೀಸಿನ ಮೀಟಿಂಗ್ ಎಲ್ಲ ಕಂಪ್ಯೂಟರ್‌ನಲ್ಲಿ ನಡೀತದೆ, ಡೆಲ್ಲಿಯೋರು ಬಾಂಬೆಯೋರು ಎಲ್ಲ ಇರ್ತಾರೆ. ನಾನು ಮಾತಾಡೋಕೆ ಶುರು ಮಾಡಿದ ತಕ್ಷಣ ಅವರು ಮ್ಯೂಟ್ ಮಾಡ್ಕೊಂತಾರೆ. ಸೌಂಡು ಬರಲ್ಲ, ಆದ್ರೆ ಮುಖ ಕಾಣ್ತದಲ್ಲ ಸಾರ್, ನಗೋದು ಕಾಣ್ತದೆ. ನಂಗಿರೋಳು ಒಬ್ಬಳೇ ಮಗಳು, ಅವಳಿಗೆ ಆ ಗತಿ ಬ್ಯಾಡ. ದಯವಿಟ್ಟು ಬೇರೆ ಟೀಚರ್ ಹಾಕಿ.”

ಮೇಡಂ ಎದ್ದು ನಿಂತರು. ಅವರ ದನಿ ಕ್ಲಾಸಿನ ದನಿಯೇ.

“ತಿಪ್ಪೇಸ್ವಾಮಿ, ಈಗ ಹೇಳಿದ್ದನ್ನ ಇಂಗ್ಲಿಷಲ್ಲಿ ಹೇಳು.”

ಅವನು ತಬ್ಬಿಬ್ಬಾದ. “ಬ್ಯಾಡಿ ಮೇಡಂ.”

“ಹೇಳು. ನಿನ್ನ ಇಂಗ್ಲಿಷಿಗೆ ಏನಾಗಿದೆ ಅಂತ ಇವರೆಲ್ಲ ಕೇಳಲಿ.”

ಅವನು ಹೇಳಿದ. ಹಿಂದೆ ಬೆಂಚಿನ ಮೇಲೆ ನಿಲ್ಲಿಸಿದಾಗ ಹೇಗೆ ಹೇಳುತ್ತಿದ್ದನೋ ಹಾಗೆ, ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟು. “ಐ ವಿಲ್ ಬಿ ವೋಪನ್, ಮೇಡಂ…” ಮೊದಲ ಸಾಲಿಗೇ ನಗು ಸಿಡಿಯಿತು. “ಐ ಹ್ಯಾವ್ ವೋನ್ಲಿ ವನ್ ಡಾಟರ್…” ಮತ್ತೆ ನಗು, ಈ ಸಲ ಕಾರ್ಯದರ್ಶಿಯದೂ ಸೇರಿ. ಮೇಡಂ ಪಕ್ಕದ ಮೇಜನ್ನು ಅಂಗೈಯಿಂದ ಬಡಿದರು. ನಮ್ಮ ಹೈಸ್ಕೂಲಿನಲ್ಲಿ ಆ ಒಂದು ಏಟಿಗೆ ಮೂರು ಕ್ಲಾಸು ಸುಮ್ಮನಾಗುತ್ತಿದ್ದವು. ಇಲ್ಲಿ ಯಾರೂ ತಿರುಗಿ ಸಹ ನೋಡಲಿಲ್ಲ. ತಿಪ್ಪೇಸ್ವಾಮಿ ಮುಖ ಕೆಂಪು ಮಾಡಿಕೊಂಡು, ನಿಲ್ಲಿಸದೆ, ಕೊನೆಯ ವಾಕ್ಯದವರೆಗೂ ಹೇಳಿ ಮುಗಿಸಿದ. ಅವನ ಪಕ್ಕದಲ್ಲಿ ಕೂತಿದ್ದ ಮಗಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಮೇಡಂ ನಗುತ್ತಿದ್ದವರನ್ನು ನೋಡಲಿಲ್ಲ, ಅವನ ಬಾಯನ್ನೇ ನೋಡುತ್ತಿದ್ದರು. ಅವನು ಮುಗಿಸಿದ ಮೇಲೆ “ಕೂತ್ಕೋ” ಅಂದು ತಾವೂ ಕೂತರು.

ಸಭೆ ಮುಗಿದ ಮೇಲೆ ಕಾರ್ಯದರ್ಶಿ ಬಂದು ಕೈಮುಗಿದರು. “ಬೇಜಾರು ಮಾಡ್ಕೋಬೇಡಿ ಮೇಡಂ. ನಾಳೆಯಿಂದ ನೀವು ಲೈಬ್ರರಿ ನೋಡ್ಕೊಳ್ಳಿ, ಆರಾಮ.” ಆ ಶಾಲೆಯ ಲೈಬ್ರರಿ ಅಂದರೆ ಕಾರಿಡಾರಿನ ಕೊನೆಯಲ್ಲಿ ಬೀಗ ಹಾಕಿದ ಒಂದು ಕಬ್ಬಿಣದ ಬೀರು. ಮೇಡಂ ಛತ್ರಿ ತೆಗೆದುಕೊಂಡು ಹೊರಟರು. ಮೊಮ್ಮಗನ ಕೈ ಹಿಡಿದುಕೊಂಡು ನಾನು ಹಿಂದೆ ಓಡಿದೆ.

ಆಟೋದಲ್ಲಿ ನಾನು ತಿಪ್ಪೇಸ್ವಾಮಿಯನ್ನು ಬಾಯಿಗೆ ಬಂದಂತೆ ಬೈದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಬೆಟ್ಟದ ಕಡೆ ನೋಡುತ್ತಾ ಕೂತಿದ್ದವರು ಮನೆ ಹತ್ತಿರ ಬಂದಾಗ ಹೇಳಿದರು:

“ಒಂದು ತಪ್ಪಿಲ್ಲ ಅಮ್ಮಾಯಿ ಅವನ ಇಂಗ್ಲಿಷಲ್ಲಿ. ಟೆನ್ಸ್ ಸರಿ, ಪ್ರಿಪೊಸಿಷನ್ ಸರಿ, ಪದ ಸರಿ. ಒಂದೇ ಒಂದು ತಪ್ಪಿಲ್ಲ.”

“ಮತ್ತೆ? ಅದನ್ನ ಅಲ್ಲೇ ಹೇಳ್ಬೇಕಿತ್ತು ಅಕ್ಕ ನೀವು.”

“ಬಾಯಿ ನಂದು” ಅಂದರು. “ನನ್ನ ಬಾಯಿ ತೆಗೆದು ಅವನಿಗೆ ಅಂಟಿಸಿಬಿಟ್ಟಿದೀನಿ. ದಿನಾ ಅದನ್ನ ನೋಡಿ ನಗ್ತಾರಂತೆ.”

ಆಮೇಲೆ ಅವರು ಆ ಶಾಲೆಗೆ ಹೋಗಲಿಲ್ಲ. ಹೋಗಲಿ, ಸರಿ. ಆದರೆ ಇಂಗ್ಲಿಷನ್ನೇ ಬಿಟ್ಟುಬಿಟ್ಟರು. ಮನೆಗೆ ಬರುತ್ತಿದ್ದ ಇಂಗ್ಲಿಷ್ ಪೇಪರ್ ನಿಲ್ಲಿಸಿದರು. ‘ಬಸ್ಸು’, ‘ಕಾಫಿ’ ಬಿಟ್ಟರೆ ಬೇರೆ ಇಂಗ್ಲಿಷ್ ಪದ ಅವರ ಮಾತಿನಲ್ಲಿ ಕೇಳುವುದು ಅಪರೂಪವಾಯಿತು. ಒಂದು ದಿನ ನಾನು ಅವರ ಮನೆಯಲ್ಲಿದ್ದಾಗ ಎದುರುಮನೆಯ ಸೊಸೆ ಬಂದಳು. ಕೊರಟಗೆರೆ ಕಡೆಯ ಹೆಣ್ಣು, ಮಗುವಿನ ಸ್ಕೂಲಿನಲ್ಲಿ ಮಿಸ್ಸುಗಳ ಹತ್ತಿರ ಮಾತಾಡಲು ಸಂಕೋಚವಂತೆ. “ನಾಕು ಮಾತು ಕಲಿಸಿಕೊಡಿ ಆಂಟಿ, ಅಷ್ಟು ಸಾಕು” ಅಂತ ಕೇಳಿದಳು. ಮೇಡಂ ಅವಳ ಮುಖ ನೋಡದೆ, “ನಂಗೆ ಇಂಗ್ಲಿಷ್ ಬರಲ್ಲ ಕಣಮ್ಮ” ಅಂದರು. ಹುಡುಗಿ ತಮಾಷೆ ಅಂದುಕೊಂಡು ನಕ್ಕಳು. ಅವರು ನಗಲಿಲ್ಲ.

ಅವಳು ಹೋದ ಮೇಲೆ, ವಾತಾವರಣ ತಿಳಿ ಮಾಡಲು ನಾನು, “ಅಕ್ಕ, ‘ಇನ್ನೂ’ ಅನ್ನೋದು ಬಿಟ್ಟುಬಿಟ್ರಲ್ಲ. ಮೊದಲಿಂದ ಹೇಳಿ” ಅಂದೆ.

“ಅದನ್ನ ಅನ್ನೋಕೆ ಮುಂದೆ ವಯಸ್ಸಿರಬೇಕು” ಅಂದರು.

ಪೇಟೆಯಲ್ಲಿ ಒಮ್ಮೆ ತಿಪ್ಪೇಸ್ವಾಮಿ ಎದುರಾದಾಗ ನಾನು ತಡೆದು ನಿಲ್ಲಿಸಿ ಕೇಳಿದ್ದೆ, ಹೀಗೆ ಮಾಡಬಹುದಾ ಅಂತ. ಅವನು ಜಗಳಕ್ಕೆ ಬರಲಿಲ್ಲ. “ನಂಗೂ ಹೊಟ್ಟೆಯೊಳಗೆ ಬೆಂಕಿ ಐತೆ ಮೇಡಂ. ಆದ್ರೆ ನೀವೇ ಹೇಳಿ, ನಿಮ್ಮ ಮೊಮ್ಮಗನ್ನ ಆ ಸ್ಕೂಲು ಬಿಡಿಸಿದ್ರಾ?” ಅಂದ. ಬಿಡಿಸಿರಲಿಲ್ಲ. ಮಗಳಿಗೆ ಹೇಳಿ ನೋಡಿದ್ದೆ, “ಅಮ್ಮ, ಅವನ ಪ್ರೊನನ್ಸಿಯೇಷನ್ ಈಗ ಎಷ್ಟು ಚೆನ್ನಾಗಿದೆ ಗೊತ್ತಾ?” ಅಂದಿದ್ದಳು.

ಕೊನೆಯ ಒಂದೂವರೆ ವರ್ಷ ಮೇಡಂ ಪಾವಗಡದ ಹತ್ತಿರದ ತಮ್ಮ ತಂಗಿಯ ಹಳ್ಳಿಗೆ ಹೋಗಿ ಇದ್ದರು. ಫೋನು ಮಾಡಿದರೆ ಎತ್ತುತ್ತಿದ್ದರು, ಮಳೆ ಬಂತಾ, ಸೊಪ್ಪು ಏನು ರೇಟು, ಇಷ್ಟೇ ಮಾತು. ಅಲ್ಲಿಯೇ ತೀರಿಕೊಂಡರು.

ಹನ್ನೊಂದನೇ ದಿನದ ಕಾರ್ಯಕ್ಕೆ ನಾನು ಹೋದೆ. ಮನೆ ಮುಂದೆ ಶಾಮಿಯಾನ, ಊರಾಚೆ ಕಣ್ಣು ಹಾಯುವಷ್ಟು ದೂರವೂ ಸೋಲಾರ್ ಹಲಗೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ತಂಗಿ ಓದು ಬರಹ ತಿಳಿಯದ ಹೆಂಗಸು. ಅಕ್ಕನ ಫೋಟೋ ಪಕ್ಕದಲ್ಲೇ ಕೂತು ಬಂದವರಿಗೆಲ್ಲ ಅಕ್ಕನ ದೊಡ್ಡತನ ಹೇಳುತ್ತಿದ್ದಳು. ನಮ್ಮ ಹಳೆಯ ವಿದ್ಯಾರ್ಥಿಗಳು ಸುಮಾರು ಜನ ಬಂದಿದ್ದರು. ತಿಪ್ಪೇಸ್ವಾಮಿಯೂ ಬಂದ, ಮಗಳನ್ನು ಕರೆದುಕೊಂಡು. ಅವನ ಕಣ್ಣು ಅತ್ತು ಊದಿದ್ದವು. ಅದನ್ನು ನಾನು ಬರೆಯದೆ ಇದ್ದರೆ ಅನ್ಯಾಯವಾಗುತ್ತದೆ.

ಒಬ್ಬೊಬ್ಬರೇ ಎದ್ದು ನಾಲ್ಕು ಮಾತಾಡಿದರು. ಆದ್ಯಳೂ ಎದ್ದಳು. ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದಳು ಅಂತ ಕಾಣುತ್ತದೆ, ಫೋಟೋ ಕಡೆ ತಿರುಗಿ ನಿಂತು ಪಟಪಟನೆ ಇಂಗ್ಲಿಷಿನಲ್ಲಿ ಹೇಳಿದಳು. ಟಿವಿಯಲ್ಲಿ ಕೇಳಿದ ಹಾಗೆ ಇತ್ತು. ಶಾಮಿಯಾನದಲ್ಲಿ ಕೂತಿದ್ದ ಊರಿನವರು ಬಾಯಿ ತೆರೆದುಕೊಂಡು ನೋಡಿದರು. ತಂಗಿ ತಿಪ್ಪೇಸ್ವಾಮಿಯ ತೋಳು ಹಿಡಿದು, “ಏಮಂಟಾಂದಪ್ಪಾ ಪಾಪ?” ಅಂತ ಕೇಳಿದಳು. ಮಗು ಏನು ಹೇಳುತ್ತಿದೆ ಅಂತ.

ಅವನು ಬಗ್ಗಿ ಆಕೆಯ ಕಿವಿಯಲ್ಲಿ ತೆಲುಗಿನಲ್ಲಿ ಹೇಳುತ್ತಾ ಹೋದ. ದೊಡ್ಡ ಟೀಚರ್ ಅಂತೆ, ಎಷ್ಟೋ ಮನೆಗೆ ಬೆಳಕು ಕೊಟ್ಟರಂತೆ. ಮಗಳು ಕೊನೆಗೆ ಒಂದು ಸಾಲು ಹೇಳಿದಳು: ನಮ್ಮಪ್ಪ ಮಾತಾಡುವ ಇಂಗ್ಲಿಷೆಲ್ಲ ಇವರದೇ ಅಂತ ನಮ್ಮಪ್ಪ ಹೇಳುತ್ತಾರೆ. ನನಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತದೆ. ಆ ಸಾಲನ್ನು ಅವನು ತೆಲುಗಿಗೆ ತರಲಿಲ್ಲ.

ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಹುಡುಗಿಯನ್ನು ಹತ್ತಿರ ಕರೆದು ಗಲ್ಲ ಸವರಿದಳು. “ಎಂಗೆ ಮಾತಾಡ್ತಾಳಪ್ಪ, ಗಿಣಿ ಇದ್ದಂಗೆ! ಯಾವ ಸ್ಕೂಲಾಗೆ ಕಲಿಸ್ತಾರೆ ಇಂಗೆ?”

ಹುಡುಗಿಯೇ ತನ್ನ ಶಾಲೆಯ ಹೆಸರು ಹೇಳಿದಳು.

ತಂಗಿಯ ಮುಖ ಅರಳಿತು. ಅಕ್ಕ ಆ ಶಾಲೆ ಬಿಟ್ಟದ್ದು ಮಂಡಿನೋವಿಗೆ ಅಂತಲೇ ಆಕೆಗೆ ಗೊತ್ತಿದ್ದದ್ದು; ಮೇಡಂ ಅಷ್ಟನ್ನೇ ಹೇಳಿದ್ದರು. ಆಕೆ ಸುತ್ತ ಕೂತಿದ್ದವರಿಗೆಲ್ಲ ಕೇಳುವ ಹಾಗೆ, ಹೆಮ್ಮೆಯಿಂದ ಹೇಳಿದಳು:

“ಅಂಗನ್ನು ಮತ್ತೆ! ನಮ್ಮಕ್ಕನೂ ಆ ಸ್ಕೂಲಾಗೇ ಕದಾ ಇದ್ದಿದ್ದು. ಭಾಳ ಮರ್ವಾದೆ ಕೊಟ್ಟು ಇಟ್ಕೊಂಡಿದ್ರಂತೆ. ಅಲ್ವೇನಪ್ಪಾ?”

“ಹೂಂ ಕಣಮ್ಮ” ಅಂದ ತಿಪ್ಪೇಸ್ವಾಮಿ.

ಆಕೆ ನನ್ನ ಕಡೆಗೂ ತಿರುಗಿದಳು. ನಾನೂ ಹೌದು ಅಂದೆ. ಅಷ್ಟರಲ್ಲಿ ಒಳಗಿನಿಂದ ಯಾರೋ ಬಂದು, ಎಲೆ ಹಾಕಿದೆ, ಊಟಕ್ಕೆ ಏಳಿ ಅಂದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಕೈ ತೊಳೆಯಲು ಹೋದೆವು.